ಹೊಸ ಸೆಡಾನ್‌ನಲ್ಲಿ ಥಾರ್ ಮರುಭೂಮಿ: ಹೊರಡುವ ಮುಂಚೆ ಕೀ ಯಾರ ಹತ್ತಿರ ಇದೆ ಅಂತ ಕೇಳಿ

ಕಾರು ಮನೆಗೆ ಬಂದು ಒಂದು ವಾರ ಆಗಿತ್ತು. ಓಡೊಮೀಟರ್‌ನಲ್ಲಿ ಇನ್ನೂ ನೂರು ಕಿ.ಮೀ. ಕೂಡ ಇರಲಿಲ್ಲ. ನಾನು ಕೆಲಸದ ಮೇಲೆ ಜೋಧಪುರಕ್ಕೆ ಬಂದು ಎರಡು ವರ್ಷ ಆಯಿತು, ದಾವಣಗೆರೆಯಿಂದ ಅಮ್ಮ ಬಂದಿದ್ದರು, ಮಗನಿಗೆ ಡಿಸೆಂಬರ್ ರಜೆ ಶುರುವಾಗಿತ್ತು. ಶೋರೂಮಿನ ಸುತ್ತ ಹತ್ತು ನಿಮಿಷ ಓಡಿಸಿದರೆ ಕಾರಿನ ಬಗ್ಗೆ ಏನು ತಾನೇ ಗೊತ್ತಾಗುತ್ತದೆ? ನಿಜವಾದ ಟೆಸ್ಟ್ ಡ್ರೈವ್ ಮಾಡಿಯೇ ಬಿಡೋಣ ಅಂತ ನಾಲ್ಕು ದಿನ ಹೊರಟೆವು. ಜೈಸಲ್ಮೇರ್, ಸಮ್ ಮರಳು ದಿಬ್ಬ, ತನೋಟ್, ಲೋಂಗೇವಾಲ, ಮತ್ತೆ ಜೋಧಪುರ. ಒಟ್ಟು 965 ಕಿ.ಮೀ. ಆಯಿತು.

ಕಾರು ಪೆಟ್ರೋಲ್ ಸೆಡಾನ್, ಆಟೊಮ್ಯಾಟಿಕ್, ಕೀ ಜೇಬಲ್ಲಿದ್ದರೆ ಸಾಕು ಬಾಗಿಲು ತೆಗೆಯುತ್ತದೆ, ಬಟನ್ ಒತ್ತಿದರೆ ಸ್ಟಾರ್ಟ್ ಆಗುತ್ತದೆ. ಯಾವ ಕಂಪನಿ ಅಂತ ಹೇಳುತ್ತಿಲ್ಲ, ಯಾಕೆಂದರೆ ನಾನು ಹೇಳಲಿರುವುದು ಈಗ ಬರುವ ಬಹುತೇಕ ಕೀಲೆಸ್ ಕಾರುಗಳಿಗೂ ಅನ್ವಯಿಸುತ್ತದೆ.

ಮೊದಲು ನಮಗೆ ಆದದ್ದನ್ನು ಹೇಳಿಬಿಡುತ್ತೇನೆ. ಬೆಳಿಗ್ಗೆ ಆರಕ್ಕೆ ಹೊರಟು ಬಾಲೇಸರ್, ದೇಚು ದಾಟಿ ಪೋಖರಣ್ ಕಡೆ ಬಂದೆವು. ಅಮ್ಮನಿಗೆ ರಾಮದೇವರಾ ನೋಡಬೇಕಿತ್ತು. ಪೋಖರಣ್‌ನಿಂದ ಉತ್ತರಕ್ಕೆ ಹನ್ನೆರಡು ಕಿ.ಮೀ. ಅಷ್ಟೇ. ಹಿಂದಿನ ಕಾಲದ ಸಂತ ಬಾಬಾ ರಾಮದೇವರ ಸಮಾಧಿ ಇರುವ ಊರು, ಹಿಂದೂಗಳೂ ಬರುತ್ತಾರೆ, ರಾಮ್‌ಸಾ ಪೀರ್ ಅಂತ ಮುಸ್ಲಿಮರೂ ಬರುತ್ತಾರೆ. ಗುಡಿಯ ದಾರಿಯಲ್ಲಿ ಜನ ಜಾಸ್ತಿ ಇದ್ದರು. ಅಮ್ಮನಿಗೆ ಜಾಸ್ತಿ ನಡೆಯಲು ಆಗುವುದಿಲ್ಲ ಅಂತ ಅಮ್ಮ, ಹೆಂಡತಿ, ಮಗ ಮೂವರನ್ನೂ ಗುಡಿ ಹತ್ತಿರ ಇಳಿಸಿ ನಾನು ಪಾರ್ಕಿಂಗ್‌ಗೆ ಹೋದೆ. ಅವರು ಇಳಿದು ಬಾಗಿಲು ಹಾಕಿದಾಗ ಕಾರು ಬೀಪ್ ಬೀಪ್ ಅಂದಿತು. ಸೀಟ್ ಬೆಲ್ಟ್ ಇರಬೇಕು ಅಂದುಕೊಂಡೆ. ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಬಟನ್ ಒತ್ತಿ ಎಂಜಿನ್ ಆಫ್ ಮಾಡಿದೆ, ಇಳಿದೆ, ಲಾಕ್ ಮಾಡಲು ಹೋದರೆ ಆಗಲಿಲ್ಲ. ಕೀ ಹೆಂಡತಿಯ ಹೆಗಲ ಚೀಲದಲ್ಲಿತ್ತು. ಬೆಳಿಗ್ಗೆ ಡಿಕ್ಕಿಗೆ ಸಾಮಾನು ಹಾಕುವಾಗ ಅವಳು ತಗೊಂಡಿದ್ದಳು, ಅಲ್ಲೇ ಉಳಿದಿತ್ತು. ಅವಳ ಮೊಬೈಲ್ ಕಾರಿನಲ್ಲಿ ಚಾರ್ಜಿಗೆ ಹಾಕಿದ್ದು ಹಾಗೇ ಇತ್ತು. ಕಾರು ಸ್ಟಾರ್ಟ್ ಆಗುವುದಿಲ್ಲ, ಲಾಕ್ ಆಗುವುದಿಲ್ಲ, ಎಲ್ಲರ ಬ್ಯಾಗೂ ಒಳಗಿದೆ. ಬಿಟ್ಟು ಹೋಗುವ ಹಾಗಿಲ್ಲ. ಅವರು ದರ್ಶನ ಮುಗಿಸಿ ನನ್ನನ್ನು ಹುಡುಕಿಕೊಂಡು ಬರುವವರೆಗೆ ಒಂದೂವರೆ ಗಂಟೆ ಕಾರಿನ ಪಕ್ಕದಲ್ಲೇ ನಿಂತೆ.

ಇಲ್ಲಿ ಕಾರಿನದ್ದು ತಪ್ಪಿಲ್ಲ. ಓಡುತ್ತಿರುವ ಎಂಜಿನ್ ಕೀ ಸಿಗಲಿಲ್ಲ ಅಂತ ತಾನಾಗಿ ನಿಲ್ಲುವುದಿಲ್ಲ, ನಿಲ್ಲಬಾರದು ಕೂಡ. ಹೈವೇಯಲ್ಲಿ ಕೀ ಬ್ಯಾಟರಿ ಸತ್ತರೆ ಲಾರಿಗಳ ಮಧ್ಯೆ ಎಂಜಿನ್ ಆಫ್ ಆದರೆ ಗತಿ ಏನು? ಅದಕ್ಕೇ ಬೀಪ್ ಮಾಡಿ, ಮೀಟರ್ ಮೇಲೆ ಒಂದು ಸೂಚನೆ ತೋರಿಸಿ ಸುಮ್ಮನಾಗುತ್ತದೆ. ಆಮೇಲೆ ನೀವು ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲು ಕೀ ಬೇಕು. ರಾಮದೇವರಾದಲ್ಲಿ ಆಗಿದ್ದಕ್ಕೆ ಒಂದೂವರೆ ಗಂಟೆ ಹೋಯಿತು ಅಷ್ಟೇ. ಇದೇ ತಪ್ಪು ಜೈಸಲ್ಮೇರ್ ಹೋಟೆಲಿನ ಮುಂದೆ ಆಗಿ, ನಾನೊಬ್ಬನೇ ನೂರು ಕಿ.ಮೀ. ಆಚೆ ಹೋಗಿ, ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಫೋಟೊ ತೆಗೆಯಲು ಅಂತ ಎಂಜಿನ್ ಆಫ್ ಮಾಡಿದ್ದರೆ ಏನಾಗುತ್ತಿತ್ತು ಯೋಚಿಸಿ. ಆ ದಿನದಿಂದ ಗೇರ್ ಹಾಕುವ ಮುಂಚೆ ನಾನು "ಕೀ?" ಅಂತ ಕೇಳುತ್ತೇನೆ, ನನ್ನ ಮಗ "ಅಪ್ಪನ ಜೇಬಲ್ಲಿ" ಅಂತ ಕೂಗುತ್ತಾನೆ. ನೀವೂ ಈ ರೂಢಿ ಮಾಡಿಕೊಳ್ಳಿ.

ಇನ್ನೊಂದು ತಪ್ಪು, ಎರಡನೇ ಕೀಯನ್ನು ನಾವು ಜೋಧಪುರದ ಬೀರುವಿನಲ್ಲೇ ಬಿಟ್ಟು ಬಂದಿದ್ದೆವು. ದಯವಿಟ್ಟು ತನ್ನಿ. ಆದರೆ ಕಾರಿನೊಳಗೆ ಇಡಬೇಡಿ, ಒಳಗೆ ಒಂದು ಕೀ ಇದ್ದರೆ ಎಷ್ಟೋ ಕಾರುಗಳು ಹೊರಗಿನಿಂದ ಲಾಕ್ ಆಗಲು ಒಪ್ಪುವುದಿಲ್ಲ. ಗಾಡಿ ಓಡಿಸದ ಇನ್ನೊಬ್ಬರ ಹತ್ತಿರ, ಮೈಮೇಲೆ ಇರುವ ಜೇಬಿನಲ್ಲಿ ಇರಲಿ.

ಜೋಧಪುರದಿಂದ ಜೈಸಲ್ಮೇರ್‌ಗೆ 285 ಕಿ.ಮೀ. ಹತ್ತಿರ. ಸುಮಾರು ಐದು ಗಂಟೆ ಇಟ್ಟುಕೊಳ್ಳಿ. ರಸ್ತೆ ಚೆನ್ನಾಗಿದೆ, ನೇರವಾಗಿದೆ, ಅದೇ ಅಪಾಯ. ಹೊಸ ಎಂಜಿನ್‌ಗೆ ಮೊದಲ ಸಾವಿರ ಕಿ.ಮೀ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ ಅಂತ ಮ್ಯಾನ್ಯುಯಲ್‌ನಲ್ಲೇ ಬರೆದಿರುತ್ತಾರೆ, ಜೋರಾಗಿ ಆಕ್ಸಿಲರೇಟರ್ ತುಳಿಯಬೇಡಿ ಅಂತಲೂ ಇರುತ್ತದೆ. ಹಾಗಾಗಿ ಒಂದೇ ವೇಗ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಮುಟ್ಟಲಿಲ್ಲ, 70ರಿಂದ 90ರ ನಡುವೆ ವೇಗ ಬದಲಿಸುತ್ತಾ ಓಡಿಸಿದೆ. ಲೀಟರಿಗೆ 17 ಕಿ.ಮೀ. ಸಿಕ್ಕಿತು. ದನ, ಕುರಿ ಹಿಂಡು, ಒಂಟೆ ಯಾವಾಗ ಬೇಕಾದರೂ ರಸ್ತೆಗೆ ಬರುತ್ತವೆ. ಕತ್ತಲಾದ ಮೇಲೆ ಒಂಟೆಯ ಕಾಲು ಮಾತ್ರ ಹೆಡ್‌ಲೈಟ್‌ಗೆ ಕಾಣುತ್ತದೆ, ಮೈ ಮೇಲೆಲ್ಲೋ ಕತ್ತಲಲ್ಲಿರುತ್ತದೆ, ಸೆಡಾನ್‌ನಂಥ ತಗ್ಗು ಕಾರಿಗೆ ಅದು ಬಡಿದರೆ ನೇರ ಗಾಜಿನ ಮೇಲೇ ಬೀಳುತ್ತದೆ. ಸೂರ್ಯ ಮುಳುಗುವ ಮುಂಚೆ ಊರು ಸೇರಿ. ಇದರಲ್ಲಿ ರಾಜಿ ಬೇಡ.

ದಾರಿಯುದ್ದಕ್ಕೂ ಮರಳ ಮಧ್ಯೆ ಒಂದೊಂದೇ ಮರ ನಿಂತಿರುತ್ತದೆ. ಊರಿನವರು ಖೇಜ್ಡಿ ಅನ್ನುತ್ತಾರೆ. ಅಮ್ಮ ಒಂದು ಕಡೆ ಕಾರು ನಿಲ್ಲಿಸಲು ಹೇಳಿ, ಎಲೆ ಮುಟ್ಟಿ ನೋಡಿ, "ಇದು ನಮ್ಮ ಬನ್ನಿ ಮರ ಅಲ್ವಾ?" ಅಂದರು. ಹೌದು, ಅದೇ. ದಸರೆಯಲ್ಲಿ ಬಂಗಾರ ಅಂತ ಹಂಚುವ ಬನ್ನಿಯೇ ಇಲ್ಲಿ ಜನರ, ದನಗಳ ಜೀವ ಉಳಿಸುವ ಮರ. ಅದರ ಎಳೆ ಕಾಯಿ ಒಣಗಿಸಿದ್ದೇ ಸಾಂಗ್ರಿ, ಕೇರ್ ಅನ್ನುವ ಹುಳಿ ಕಾಯಿ ಸೇರಿಸಿ ಪಲ್ಯ ಮಾಡುತ್ತಾರೆ. ಜೊತೆಗೆ ದಪ್ಪ ಸಜ್ಜೆ ರೊಟ್ಟಿ, ಇಲ್ಲಿ ಸೋಗ್ರಾ. ಅಮ್ಮ ನಾಲ್ಕು ದಿನವೂ ಅದನ್ನೇ ಕೇಳಿ ತಿಂದರು. ರೊಟ್ಟಿ ತಿಂದು ಬೆಳೆದ ಮನೆಯವರನ್ನು ಕರೆದುಕೊಂಡು ಬಂದರೆ ಊಟದ ಚಿಂತೆ ಮಾಡಬೇಡಿ.

ಜೈಸಲ್ಮೇರ್ ಕೋಟೆ 1156ರದ್ದು, ಈಗಲೂ ಒಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ. ಗಲ್ಲಿಗಳು ಕಿರಿದು, ಕಾರು ಕೆಳಗೇ ನಿಲ್ಲಿಸಿ ನಡೆದು ಹತ್ತಿ.

ಸಮ್ ದಿಬ್ಬ ಜೈಸಲ್ಮೇರ್‌ನಿಂದ 40 ಕಿ.ಮೀ. ಚಿಲ್ಲರೆ. ರಸ್ತೆ ಕೊನೆಯವರೆಗೂ ಟಾರು. ಇಲ್ಲಿ ಒಂದೇ ಮಾತು ನೆನಪಿಡಿ, ನಾಲ್ಕು ಚಕ್ರವನ್ನೂ ಟಾರಿನ ಮೇಲೆ ಇಡಿ. ನಮ್ಮ ಸೆಡಾನ್‌ಗಳು ನೆಲದಿಂದ ಎದ್ದಿರುವುದು 165ರಿಂದ 180 ಮಿ.ಮೀ., ಅದೂ ಮುಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ. ಎದುರಿನ ಬಸ್ಸಿಗೆ ದಾರಿ ಬಿಡಲು ಅಂಚಿಗೆ ಇಳಿದರೂ ಸಾಕು, ಮೇಲೆ ಗಟ್ಟಿ ಕಾಣುವ ಮರಳು ಕೆಳಗೆ ಹಿಟ್ಟಿನ ಹಾಗಿರುತ್ತದೆ. ಸಿಕ್ಕಿಬಿದ್ದರೆ ಆಕ್ಸಿಲರೇಟರ್ ಒತ್ತಬೇಡಿ, ಚಕ್ರ ಇನ್ನೂ ಕೆಳಗೆ ಕೊರೆಯುತ್ತದೆ. ಚಕ್ರದ ಮುಂದಿನ ಮರಳು ಕೈಯಲ್ಲಿ ತೆಗೆದು, ಕಾರಿನ ಮ್ಯಾಟ್ ಹಾಸಿ, ನಿಧಾನ ಹೊರಗೆ ತನ್ನಿ. ಕ್ಯಾಂಪ್ ಬುಕ್ ಮಾಡುವಾಗ ಟೆಂಟ್ ಎಷ್ಟು ಚೆನ್ನಾಗಿದೆ ಅಂತ ಕೇಳುವುದಕ್ಕಿಂತ ಮುಂಚೆ ಮೇನ್ ರಸ್ತೆಯಿಂದ ಒಳಗೆ ಕಲ್ಲು ಹಾಸಿದ ದಾರಿ ಇದೆಯಾ ಅಂತ ಕೇಳಿ.

ದಿಬ್ಬ ಹತ್ತುವಾಗ ಕೀಯನ್ನು ಜಿಪ್ ಇರುವ ಜೇಬಿನಲ್ಲಿಡಿ. ಮಕ್ಕಳ ಜೊತೆ ಜಾರುತ್ತೀರಿ, ಒಂಟೆ ಎದ್ದು ನಿಲ್ಲುವಾಗ ಮುಂದಕ್ಕೂ ಹಿಂದಕ್ಕೂ ಬಾಗುತ್ತೀರಿ. ಮರಳಿನಲ್ಲಿ ಬಿದ್ದ ಕೀ ಸಿಗುವುದಿಲ್ಲ. ನಾನು ಒಂದು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಳಜೇಬಿಗೆ ಹಾಕಿದ್ದೆ.

ಸಮ್‌ನ ರಾತ್ರಿ ತುಂಬಾ ಚಳಿ. ಬೆಳಿಗ್ಗೆ ಕಾರಿನ ಹತ್ತಿರ ಹೋದರೆ ಬಾಗಿಲು ಮೂರನೇ ಸಲಕ್ಕೆ ತೆಗೆಯಿತು, ಮೀಟರ್ ಮೇಲೆ ಕೀ ಬ್ಯಾಟರಿ ಕಡಿಮೆ ಅಂತ ಬಂತು. ಕಾರು ಹೊಸದಾದರೂ ಕೀ ಒಳಗಿನ ಬಿಲ್ಲೆ ಬ್ಯಾಟರಿ ಯಾವ ಕಾಲದ್ದೋ. ಚಳಿಗೆ ಅದರ ಶಕ್ತಿ ಇನ್ನೂ ಇಳಿಯುತ್ತದೆ. ಜೈಸಲ್ಮೇರ್ ಪೇಟೆಯ ಗಡಿಯಾರ ರಿಪೇರಿ ಅಂಗಡಿಯಲ್ಲಿ ಸಿಆರ್2032 ಬಿಲ್ಲೆ ಸಿಕ್ಕಿತು, ಎರಡು ನಿಮಿಷದ ಕೆಲಸ. ನಿಮ್ಮ ಕೀಗೆ ಯಾವ ನಂಬರಿನದು ಅಂತ ಮೊದಲೇ ನೋಡಿ ಒಂದು ಜೊತೆಯಲ್ಲಿ ಇಟ್ಟುಕೊಳ್ಳಿ. ಬಿಲ್ಲೆ ಪೂರ್ತಿ ಸತ್ತರೂ ದಾರಿ ಇದೆ. ಕೀ ಒಳಗೇ ಒಂದು ಲೋಹದ ಕೀ ಅಡಗಿರುತ್ತದೆ, ಅದನ್ನು ಎಳೆದು ಡ್ರೈವರ್ ಬಾಗಿಲು ತೆಗೆಯಬಹುದು. ಕೆಲವು ಕಾರಿನಲ್ಲಿ ಕೀ ತೂತು ಹಿಡಿಯ ಪಕ್ಕ ಮುಚ್ಚಳದ ಕೆಳಗಿರುತ್ತದೆ. ಅಲಾರಂ ಹೊಡೆದುಕೊಂಡರೆ ಗಾಬರಿ ಬೇಡ. ಒಳಗೆ ಕೂತು ಸತ್ತ ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಬ್ರೇಕ್ ತುಳಿದು ಒತ್ತಿದರೆ ಬಹಳಷ್ಟು ಕಾರುಗಳು ಸ್ಟಾರ್ಟ್ ಆಗುತ್ತವೆ, ಕೆಲವಕ್ಕೆ ಕೀ ಇಡಲು ಬೇರೆ ಜಾಗ ಇರುತ್ತದೆ. ಇದನ್ನು ಮನೆ ಮುಂದೆಯೇ ಒಂದು ಸಲ ಮಾಡಿ ನೋಡಿ. ಮರುಭೂಮಿಯಲ್ಲಿ ನಿಂತು ಮ್ಯಾನ್ಯುಯಲ್ ಓದುವ ಹಾಗೆ ಆಗಬಾರದು. ಕೀ ಮತ್ತು ಮೊಬೈಲ್ ಒಂದೇ ಜೇಬಿನಲ್ಲಿ ಬೇಡ. ಮೊಬೈಲ್ ಟವರ್, ದೊಡ್ಡ ವಿದ್ಯುತ್ ತಂತಿಗಳ ಹತ್ತಿರವೂ ಕೀ ಸಿಗ್ನಲ್ ಒಮ್ಮೊಮ್ಮೆ ಮುಟ್ಟುವುದಿಲ್ಲ.

ತನೋಟ್‌ಗೆ ಹೋಗುವ ದಿನ ಬೇಗ ಹೊರಡಿ. ಜೈಸಲ್ಮೇರ್‌ನಿಂದ ರಾಮಗಢ ಮೂಲಕ 120 ಕಿ.ಮೀ. ರಾಮಗಢದಲ್ಲಿ ಟ್ಯಾಂಕ್ ತುಂಬಿಸಿ, ಸ್ಟೆಪ್ನಿಗೂ ಗಾಳಿ ನೋಡಿಸಿ, ನೀರು ತಗೊಳ್ಳಿ, ಮನೆಗೆ ಫೋನ್ ಮಾಡಬೇಕಿದ್ದರೆ ಅಲ್ಲೇ ಮಾಡಿ. ಆಮೇಲೆ ನೆಟ್‌ವರ್ಕ್ ನಂಬಬೇಡಿ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ರಸ್ತೆ ಏರಿಳಿತ ಏರಿಳಿತ, ಕೆಲವು ಕಡೆ ಗಾಳಿಗೆ ಮರಳು ಅಡ್ಡ ಬಂದು ಕೂತಿರುತ್ತದೆ, ಏರು ಹತ್ತಿ ಇಳಿದ ತಕ್ಷಣ ಎದುರಾಗುತ್ತದೆ. ನಿಧಾನವಾಗಿ, ಸ್ಟಿಯರಿಂಗ್ ನೇರ ಹಿಡಿದು ದಾಟಿ, ಅದರ ಮೇಲೆ ಬ್ರೇಕ್ ಬೇಡ.

ಪಾಕಿಸ್ತಾನ ಗಡಿ ಹತ್ತಿರದ ತನೋಟ್ ಮಾತೆಯ ಗುಡಿಯನ್ನು ಗಡಿ ಕಾಯುವ ಬಿಎಸ್‌ಎಫ್ ಯೋಧರೇ ನೋಡಿಕೊಳ್ಳುತ್ತಾರೆ. 1965ರ ಯುದ್ಧದಲ್ಲಿ ಸುತ್ತ ಬಿದ್ದೂ ಸಿಡಿಯದ ಬಾಂಬ್‌ಗಳನ್ನು ಒಳಗೆ ಇಟ್ಟಿದ್ದಾರೆ. ಅಲ್ಲಿಯವರೆಗೆ ನಮ್ಮನ್ನು ಯಾರೂ ಪಾಸ್ ಕೇಳಲಿಲ್ಲ, ಗಡಿ ಕಂಬದವರೆಗೆ ಹೋಗುವುದಾದರೆ ಬಿಎಸ್‌ಎಫ್ ಅನುಮತಿ ಮೊದಲೇ ತಗೊಳ್ಳಬೇಕು. ಎಲ್ಲರ ಗುರುತಿನ ಚೀಟಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಅಲ್ಲಿಂದ ಲೋಂಗೇವಾಲಕ್ಕೆ 40 ಕಿ.ಮೀ. ಆಸುಪಾಸು. 1971ರ ಡಿಸೆಂಬರ್ 4ರ ರಾತ್ರಿ ಪಂಜಾಬ್ ರೆಜಿಮೆಂಟಿನ ಸುಮಾರು 120 ಜನ, ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಅವರ ಜೊತೆ, ಪಾಕಿಸ್ತಾನದ ಟ್ಯಾಂಕುಗಳ ಎದುರು ಬೆಳಗಿನವರೆಗೆ ಹಿಡಿದು ನಿಂತ ಜಾಗ. ಬೆಳಕಾದ ಮೇಲೆ ಜೈಸಲ್ಮೇರ್‌ನಿಂದ ನಮ್ಮ ವಾಯುಪಡೆಯ ಹಂಟರ್ ವಿಮಾನಗಳು ಬಂದವು. ಸುತ್ತ ನೋಡಿದರೆ ಅಡಗಲು ಒಂದು ಗುಡ್ಡ ಇಲ್ಲ. ನನ್ನ ಮಗ ಅವತ್ತು ಕೇಳಿದಷ್ಟು ಪ್ರಶ್ನೆ ಯಾವ ದಿನವೂ ಕೇಳಿಲ್ಲ, ನಾವು ಅಲ್ಲಿ ಅಂದುಕೊಂಡಿದ್ದಕ್ಕಿಂತ ಒಂದು ಗಂಟೆ ಜಾಸ್ತಿ ಉಳಿದೆವು. ನೀವೂ ಸಮಯ ಇಟ್ಟುಕೊಳ್ಳಿ. ಹಾಗೇ ರಾಮಗಢಕ್ಕೆ ಬಂದರೆ ಇನ್ನೊಂದು 55 ಕಿ.ಮೀ., ಅಲ್ಲಿಂದ ಜೈಸಲ್ಮೇರ್.

ನವೆಂಬರಿನಿಂದ ಫೆಬ್ರವರಿ ಒಳಗೆ ಬನ್ನಿ. ಟಯರ್ ಗಾಳಿಯನ್ನು ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಹಿಡಿಸಿ, ಮಧ್ಯಾಹ್ನದ ಬಿಸಿಗೆ ಅದು ಏರುತ್ತದೆ, ಏರಿತು ಅಂತ ತೆಗೆಸಬೇಡಿ. ಬಾಗಿಲ ಹಿಡಿಯ ಬಟನ್ ಸುತ್ತ ಕೂತ ಮರಳನ್ನು ದಿನಾ ಒಣ ಬಟ್ಟೆಯಲ್ಲಿ ಒರೆಸಿ. ವಾಪಸ್ ಬಂದ ವಾರವೇ ಸಾವಿರ ಕಿ.ಮೀ. ಸರ್ವಿಸ್ ಇತ್ತು. ಏರ್ ಫಿಲ್ಟರ್ ತೆಗೆದು ಕಾಗದದ ಮೇಲೆ ತಟ್ಟಿದರೆ ಒಂದು ಚಮಚದಷ್ಟು ಹಳದಿ ಮರಳು ಉದುರಿತು. ಸರ್ವಿಸ್‌ನಲ್ಲಿ ಅದನ್ನು ನೀವೇ ಕೇಳಿ ತೆಗೆಸಿ ನೋಡಿ, ಎಸಿಯ ಫಿಲ್ಟರನ್ನೂ.