ಹೋದ ಮನೆಯ ಜಾಹೀರಾತು

ಬೆಂಗಳೂರಿನಲ್ಲಿ ಒಂದೇ 2 ಬಿಎಚ್‌ಕೆ ಮನೆ ಪೋರ್ಟಲ್‌ನಲ್ಲಿ ನಾಲ್ಕು ಸಲ, ನಾಲ್ಕು ಬಾಡಿಗೆಗೆ ಕಾಣುತ್ತದೆ. ಓನರ್ ನಾಲ್ಕು ಬ್ರೋಕರ್‌ಗಳಿಗೆ ಹೇಳಿರುತ್ತಾರೆ, ನಾಲ್ವರೂ ಹಾಕಿರುತ್ತಾರೆ. ಜಾಹೀರಾತು ಹಾಕಲು ಪೋರ್ಟಲ್‌ನ ಪ್ಯಾಕೇಜಿಗೆ ದುಡ್ಡು ಕಟ್ಟಿದ ಬ್ರೋಕರ್‌ಗೆ ಬೇಕಾದ್ದು ಫೋನ್ ಕರೆ. ಅದಕ್ಕೇ ಮನೆ ಹೋದಮೇಲೂ ಫೋಟೊ ಇಳಿಯುವುದಿಲ್ಲ. "ಅದು ನಿನ್ನೆ ತಾನೇ ಹೋಯ್ತು ಸಾರ್, ಬೇರೆದು ತೋರಿಸ್ತೀನಿ." ಮನೆ ಹುಡುಕುವವರ ಎಷ್ಟು ಭಾನುವಾರಗಳು ಹೀಗೇ ಹೋಗುತ್ತವೆ! ಬ್ರೋಕರ್ ಮೇಲಿನ ನಂಬಿಕೆ ಮುರಿಯುವುದೂ ಅಲ್ಲೇ.

ಟೋಕನ್ ಅಡ್ವಾನ್ಸ್ ಬಂದ ದಿನವೇ ಜಾಹೀರಾತು ತೆಗೆಯಬೇಕು. ಕಾವೇರಿ ನೀರೋ ಬೋರೋ, ಮೇಂಟೆನೆನ್ಸ್ ಎಷ್ಟು, ಕಾರ್ ನಿಲ್ಲುತ್ತದೆಯೇ, ಇಷ್ಟು ಬರೆದರೂ ಸುಮ್ಮನೆ ಬರುವ ಕರೆ ಕಡಿಮೆಯಾಗುತ್ತವೆ.

ಬಾಡಿಗೆಯಲ್ಲ, ಮಾರಾಟವಾದರೆ ಇನ್ನೊಂದು ಮಾತು: ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾದ ಪ್ರಾಜೆಕ್ಟಿನ ಫ್ಲ್ಯಾಟ್ ಮಾರಿಸಲು ಏಜೆಂಟಿಗೂ ನೋಂದಣಿ ಬೇಕು. ತಪ್ಪಿದರೆ 2016ರ ರೇರಾ ಕಾಯ್ದೆಯಂತೆ ದಿನಕ್ಕೆ 10,000 ರೂಪಾಯಿ ದಂಡ. ಫ್ಲ್ಯಾಟ್ ಕೊಳ್ಳಲು ಫೋನ್ ಮಾಡಿದಾಗ ಮೊದಲು ಏಜೆಂಟಿನ ಆ ನೋಂದಣಿ ನಂಬರ್ ಕೇಳಿ.