ಕಾಮಗಾರಿಗೆ ಹೊಣೆ ಯಾರು? ಕ್ಯಾಲಿಫೋರ್ನಿಯಾದ ಲೈಸೆನ್ಸ್ ಪದ್ಧತಿ

ಊರಿನಿಂದ ಫೋನ್ ಮಾಡುವ ಸಿವಿಲ್ ಇಂಜಿನಿಯರ್ ಗೆಳೆಯರು, ಡಿಪ್ಲೊಮಾ ಮುಗಿಸಿದ ಚಿಕ್ಕಪ್ಪನ ಮಕ್ಕಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಅಣ್ಣಾ, ಅಲ್ಲಿ ಸರ್ಕಾರಿ ಕಂಟ್ರಾಕ್ಟ್ ಹಿಡಿಯೋಕೆ ಏನೇನು ಬೇಕು? ಅಲ್ಲೂ ಕ್ಲಾಸ್ ಒನ್, ಕ್ಲಾಸ್ ಟೂ ಅಂತ ಇದ್ಯಾ?"

ನಾನು ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದಲ್ಲಿ ಸರ್ಕಾರಿ ಶಾಲೆಗಳ ಕಟ್ಟಡ ಕೆಲಸ ನೋಡಿಕೊಳ್ಳುವ ಒಂದು ಸಂಸ್ಥೆಯಲ್ಲಿದ್ದೇನೆ. ಶಾಲೆಯವರ ಪರವಾಗಿ ಟೆಂಡರ್ ಕಾಗದ ಪರಿಶೀಲಿಸುವುದು, ಸೈಟಿಗೆ ಹೋಗುವುದು, ಕಂಟ್ರಾಕ್ಟರ್ ಕೊಟ್ಟ ಬಿಲ್ಲು ನೋಡುವುದು ನನ್ನ ಕೆಲಸ. ದಿನಾ ಕೈಯಲ್ಲಿ ಓಡಾಡುವ ವಿಷಯವಾದ್ದರಿಂದ ಒಮ್ಮೆ ಬಿಡಿಸಿ ಬರೆಯೋಣ ಅನ್ನಿಸಿತು. ಇಲ್ಲಿ ಹೇಳುವುದೆಲ್ಲ ಕ್ಯಾಲಿಫೋರ್ನಿಯಾದ ಮಾತು. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಟೆಕ್ಸಾಸ್‌ನಲ್ಲಿ ಪ್ಲಂಬರ್, ಎಲೆಕ್ಟ್ರಿಷಿಯನ್‌ಗೆ ರಾಜ್ಯದ ಲೈಸೆನ್ಸ್ ಬೇಕು, ಜನರಲ್ ಕಂಟ್ರಾಕ್ಟರ್‌ಗೆ ಬೇಡ. ಹಾಗಾಗಿ ಅಲ್ಲಿರುವ ನಿಮ್ಮ ನೆಂಟರು ಬೇರೆ ಕಥೆ ಹೇಳಿದರೆ ಆಶ್ಚರ್ಯ ಪಡಬೇಡಿ.

ನಮ್ಮ ಪಿಡಬ್ಲ್ಯುಡಿಯಲ್ಲಿ ಕ್ಲಾಸ್ ಅಂದರೆ ದುಡ್ಡಿನ ಮಿತಿ. ಕ್ಲಾಸ್ ಒನ್ ಆದರೆ ದೊಡ್ಡ ಕೆಲಸ, ಕ್ಲಾಸ್ ಫೋರ್ ಆದರೆ ಸಣ್ಣ ಮೊತ್ತದ ಕೆಲಸ. ಇಲ್ಲಿ ಲೈಸೆನ್ಸಿಗೆ ಮೊತ್ತದ ಮಿತಿ ಇಲ್ಲ. ಯಾವ ಕೆಲಸ ಬರುತ್ತದೆ ಅನ್ನುವುದರ ಮೇಲೆ ವಿಂಗಡಣೆ. 'ಎ' ಅಂದರೆ ರಸ್ತೆ, ಸೇತುವೆ, ಅಣೆಕಟ್ಟು, ಒಳಚರಂಡಿಯಂಥ ಕಾಮಗಾರಿ. 'ಬಿ' ಅಂದರೆ ಕಟ್ಟಡ. 'ಸಿ' ಅಂದರೆ ಒಂದೊಂದೇ ಕಸುಬು. ಸಿ-8 ಕಾಂಕ್ರೀಟು, ಸಿ-10 ಎಲೆಕ್ಟ್ರಿಕಲ್, ಸಿ-36 ಪ್ಲಂಬಿಂಗ್, ಸಿ-39 ಚಾವಣಿ, ಹೀಗೆ ಪಟ್ಟಿ ಉದ್ದ ಇದೆ. ಸರ್ಕಾರಿ ಟೆಂಡರ್ ಕರೆಯುವಾಗ ಯಾವ ಬಗೆಯ ಲೈಸೆನ್ಸ್ ಬೇಕು ಅಂತ ಮೊದಲೇ ಹೇಳಬೇಕು. ಒಂದು ಶಾಲೆಯ ಚಾವಣಿ ಮಾತ್ರ ಬದಲಿಸುವ ಕೆಲಸವಿದ್ದರೆ ಸಿ-39 ಇರುವವರೇ ಬರಬೇಕು. ನೂರು ಕಟ್ಟಡ ಕಟ್ಟಿದ 'ಬಿ' ಕಂಟ್ರಾಕ್ಟರ್ ಕೂಡ ಬರೀ ಆ ಲೈಸೆನ್ಸ್ ಇಟ್ಟುಕೊಂಡು ಆ ಕೆಲಸ ಹಿಡಿಯುವಂತಿಲ್ಲ.

ಈ ಲೈಸೆನ್ಸ್ ಕೊಡುವುದು ಕಂಟ್ರಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡ್. 1929ರಲ್ಲಿ ಶುರುವಾದದ್ದು. ಎಲ್ಲರೂ ಸಿಎಸ್‌ಎಲ್‌ಬಿ ಅನ್ನುತ್ತಾರೆ. ಖಾಸಗಿ ಮನೆ ಕೆಲಸಕ್ಕೂ ಇದು ಬೇಕು. ಮೊದಲು 500 ಡಾಲರ್ ದಾಟಿದರೆ ಲೈಸೆನ್ಸ್ ಬೇಕಿತ್ತು. 2025ರ ಜನವರಿಯಿಂದ ಆ ಮಿತಿ 1,000 ಡಾಲರ್ ಆಗಿದೆ. ಅದೂ ಪರ್ಮಿಟ್ ಬೇಡದ, ಆಳು ಇಟ್ಟುಕೊಳ್ಳದೆ ಮಾಡುವ ಕೆಲಸಕ್ಕೆ ಮಾತ್ರ. ಲೈಸೆನ್ಸ್ ನಂಬರ್ ಜಾಹೀರಾತಿನಲ್ಲಿ, ಕರಾರು ಪತ್ರದಲ್ಲಿ, ಕೆಲಸದ ಗಾಡಿಯ ಮೇಲೆ ಕಾಣಬೇಕು. ಆ ನಂಬರನ್ನು ಬೋರ್ಡಿನ ವೆಬ್‌ಸೈಟಿನಲ್ಲಿ ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ವಿಮೆ ಇದೆಯಾ, ಶಿಸ್ತು ಕ್ರಮ ಏನಾದರೂ ಆಗಿದೆಯಾ ಅಂತ ಯಾರು ಬೇಕಾದರೂ ನೋಡಬಹುದು.

ನನಗೆ ಇಲ್ಲಿ ತುಂಬ ಹಿಡಿಸಿದ್ದು ಬೇರೆ ಒಂದು ಅಂಶ. ಲೈಸೆನ್ಸ್ ಕಂಪನಿ ಹೆಸರಲ್ಲೇ ಇರಬಹುದು. ಆದರೆ ಅದರ ಹಿಂದೆ ಪರೀಕ್ಷೆ ಪಾಸಾದ, ಕಸುಬು ಗೊತ್ತಿರುವ ಒಬ್ಬ ಮನುಷ್ಯ ಇರಲೇಬೇಕು. ಅವರು ಮಾಲೀಕರೇ ಇರಬಹುದು, ಕಂಪನಿಯ ಅಧಿಕಾರಿ ಇರಬಹುದು, ಸಂಬಳಕ್ಕಿರುವ ಮ್ಯಾನೇಜರ್ ಇರಬಹುದು. ಅಧಿಕಾರಿಯಾದರೆ ಆರ್‌ಎಂಓ, ನೌಕರರಾದರೆ ಆರ್‌ಎಂಇ ಅಂತ ಕರೆಯುತ್ತಾರೆ. ಹಿಂದಿನ 10 ವರ್ಷದೊಳಗೆ ಕಡಿಮೆಯೆಂದರೆ 4 ವರ್ಷ ಆ ಕಸುಬಿನಲ್ಲಿ ಪಳಗಿದ ಕೆಲಸಗಾರರಾಗಿ, ಮೇಸ್ತ್ರಿಯಾಗಿ, ಮೇಲ್ವಿಚಾರಕರಾಗಿ ಅಥವಾ ಕಂಟ್ರಾಕ್ಟರ್ ಆಗಿ ದುಡಿದಿರಬೇಕು. ಓದಿಗೆ ಸ್ವಲ್ಪ ವಿನಾಯಿತಿ ಇದೆ, ಗರಿಷ್ಠ 3 ವರ್ಷ. ಒಂದು ವರ್ಷವಾದರೂ ಸೈಟಿನ ಅನುಭವ ಬೇಕೇ ಬೇಕು. ಆಮೇಲೆ ಎರಡು ಪರೀಕ್ಷೆ. ಒಂದು ಕಾನೂನು ಮತ್ತು ವ್ಯವಹಾರದ್ದು, ಇನ್ನೊಂದು ಕಸುಬಿನದ್ದು. ಬೆರಳಚ್ಚು ಕೊಟ್ಟು ಹಳೆಯ ಅಪರಾಧ ಏನಾದರೂ ಇದೆಯಾ ಅಂತ ತಪಾಸಣೆಯೂ ಆಗುತ್ತದೆ.

ಇಲ್ಲೂ ಹೆಸರು ಬಾಡಿಗೆಗೆ ಕೊಡುವವರಿದ್ದಾರೆ. ನಿವೃತ್ತರಾದ ಹಿರಿಯರೊಬ್ಬರ ಹೆಸರು ಲೈಸೆನ್ಸಿನಲ್ಲಿ, ಕೆಲಸ ಮಾಡಿಸುವವರು ಇನ್ಯಾರೋ. ಇದನ್ನು ತಡೆಯಲೆಂದೇ ಕಾನೂನಿನಲ್ಲಿ ಒಂದು ನಿಯಮ ಇದೆ. ಆರ್‌ಎಂಇ ಆದವರು ವಾರಕ್ಕೆ 32 ಗಂಟೆ ಅಥವಾ ಆ ಕಂಪನಿ ಕೆಲಸ ಮಾಡುವ ಅವಧಿಯ ಶೇ 80, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಹೊತ್ತು ಅಲ್ಲೇ ದುಡಿಯಬೇಕು. ಕೆಲಸದ ಮೇಲೆ ನಿಜವಾದ ಹತೋಟಿ ಅವರದಾಗಿರಬೇಕು. ಅವರು ಕೆಲಸ ಬಿಟ್ಟರೆ 90 ದಿನದೊಳಗೆ ಬೇರೊಬ್ಬ ಅರ್ಹರನ್ನು ತರಬೇಕು. ಇಲ್ಲದಿದ್ದರೆ ಲೈಸೆನ್ಸ್ ಅಮಾನತು.

ಈ 90 ದಿನದ ನಿಯಮ ಎಷ್ಟು ಗಟ್ಟಿ ಅಂತ ನಾನು ಒಂದು ಟೆಂಡರ್ ತೆರೆದಾಗ ನೋಡಿದೆ. ಎಲ್ಲರಿಗಿಂತ ಕಡಿಮೆ ದರ ಹಾಕಿದ್ದ ಕಂಪನಿ ಒಳ್ಳೆಯ ಹೆಸರಿನದ್ದೇ. ಕಾಗದ ಎಲ್ಲ ಸರಿಯಾಗಿತ್ತು. ಲೈಸೆನ್ಸ್ ನಂಬರ್ ಹಾಕಿ ನೋಡಿದರೆ ಅಮಾನತು ಅಂತ ಬಂತು. ಅವರ ಆರ್‌ಎಂಇ ಕೆಲಸ ಬಿಟ್ಟು ಹೋಗಿದ್ದರು, ಬದಲಿ ಹೆಸರು ಸಕಾಲಕ್ಕೆ ಹೋಗಿರಲಿಲ್ಲ. ಕಂಪನಿಯವರು ಬಂದು ಬೇಡಿಕೊಂಡರು, ಮುಂದಿನ ವಾರ ಸರಿ ಮಾಡಿಸುತ್ತೇವೆ ಅಂದರು. ಅವಕಾಶವೇ ಇಲ್ಲ. ಟೆಂಡರ್ ಹಾಕಿದ ದಿನ ಲೈಸೆನ್ಸ್ ಇಲ್ಲದಿದ್ದರೆ ಆ ಟೆಂಡರನ್ನು ತಿರಸ್ಕರಿಸಲೇಬೇಕು ಅಂತ ಕಾನೂನು ಹೇಳುತ್ತದೆ. ಕೆಲಸ ಎರಡನೆಯವರಿಗೆ ಹೋಯಿತು. ಕೇಂದ್ರ ಸರ್ಕಾರದ ಹಣ ಸೇರಿರುವ ಕಾಮಗಾರಿಗೆ ಮಾತ್ರ ಸ್ವಲ್ಪ ಸಡಿಲಿಕೆ ಇದೆ. ಅಲ್ಲಿ ಟೆಂಡರ್ ಹಾಕುವಾಗ ಲೈಸೆನ್ಸ್ ಇಲ್ಲದಿದ್ದರೂ ನಡೆಯುತ್ತದೆ, ಕೆಲಸ ಕೊಡುವ ಹೊತ್ತಿಗೆ ಇರಬೇಕು. ಬೇರೆ ರಾಜ್ಯದವರೂ ಸ್ಪರ್ಧೆಗೆ ಬರಲು ಇದರಿಂದ ಅನುಕೂಲ.

ಲೈಸೆನ್ಸ್ ಇಲ್ಲದೆ ಕೆಲಸ ಮಾಡಿದರೆ ಏನಾಗುತ್ತದೆ? ದಂಡ, ಜೈಲು ಇದ್ದೇ ಇದೆ. ಅದಕ್ಕಿಂತ ಭಯ ಹುಟ್ಟಿಸುವುದು ದುಡ್ಡಿನ ನಿಯಮ. ಲೈಸೆನ್ಸ್ ಇಲ್ಲದ ಕಂಟ್ರಾಕ್ಟರ್ ತನ್ನ ಬಾಕಿ ಬಿಲ್ಲಿಗಾಗಿ ಕೋರ್ಟಿಗೆ ಹೋಗುವಂತಿಲ್ಲ. ಅಷ್ಟೇ ಅಲ್ಲ, ಆಗಲೇ ಕೊಟ್ಟ ಹಣವನ್ನೂ ವಾಪಸ್ ಕೇಳುವ ಹಕ್ಕು ಕೆಲಸ ಮಾಡಿಸಿದವರಿಗೆ ಇದೆ. ಕೆಲಸ ಚೆನ್ನಾಗಿ ಮಾಡಿದ್ದೆ ಅನ್ನುವ ವಾದ ನಿಲ್ಲುವುದಿಲ್ಲ. ಲೈಸೆನ್ಸ್ ಇಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತು ಅಂದರೂ ನಿಲ್ಲುವುದಿಲ್ಲ. ಇದು ತೀರಾ ಕಠಿಣ ಅಂತ ಇಲ್ಲಿನ ಸಣ್ಣ ಕಂಟ್ರಾಕ್ಟರುಗಳು ಹೇಳುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಮಕ್ಕಳು ಕೂರುವ ಕಟ್ಟಡದ ವಿಷಯದಲ್ಲಿ ಈ ಬಿಗಿ ಇರಲಿ ಅನ್ನುವ ಕಡೆಗೇ ನಾನಿದ್ದೇನೆ.

ಯಾಕೆ ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಲಾಸ್ ಏಂಜಲೀಸ್‌ಗೆ ನೀರು ಕೊಡಲು ಕಟ್ಟಿದ್ದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು 1928ರ ಮಾರ್ಚ್ 12ರಂದು, ಇನ್ನೇನು ಮಧ್ಯರಾತ್ರಿ ಅನ್ನುವಾಗ ಒಡೆಯಿತು. 400ಕ್ಕೂ ಜಾಸ್ತಿ ಜನ ಸತ್ತರು. ಕಟ್ಟಿಸಿದವರು ವಿಲಿಯಂ ಮಲ್‌ಹಾಲಂಡ್. ಇಂಜಿನಿಯರಿಂಗ್ ಕಾಲೇಜಿಗೆ ಹೋದವರಲ್ಲ, ಕಾಲುವೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಸ್ವಂತ ಓದಿನಿಂದ ಮೇಲೆ ಬಂದವರು. ನಗರಕ್ಕೆ ನೀರು ತಂದ ದೊಡ್ಡ ಮನುಷ್ಯ. ಒಡೆಯುವ ದಿನ ಬೆಳಿಗ್ಗೆ ಅವರೇ ಬಂದು ಸೋರಿಕೆ ನೋಡಿ, ಅಪಾಯ ಇಲ್ಲ ಅಂದಿದ್ದರು. ಅಷ್ಟು ದೊಡ್ಡ ಅಣೆಕಟ್ಟನ್ನು ಒಬ್ಬನೇ ಮನುಷ್ಯನ ತೀರ್ಮಾನಕ್ಕೆ ಬಿಡಬಾರದು ಅಂತ ಸಾವಿನ ವಿಚಾರಣೆ ನಡೆಸಿದ ಪಂಚರು ಹೇಳಿದರು. ಮರುವರ್ಷ, 1929ರಲ್ಲಿ, ಸಿವಿಲ್ ಇಂಜಿನಿಯರುಗಳಿಗೆ ನೋಂದಣಿ ಕಡ್ಡಾಯ ಮಾಡುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಬಂತು.

ನಾಲ್ಕು ವರ್ಷದ ನಂತರ, 1933ರ ಮಾರ್ಚ್ 10ರ ಸಂಜೆ, ಲಾಂಗ್ ಬೀಚ್‌ನಲ್ಲಿ ಭೂಕಂಪ ಆಯಿತು. ಇಟ್ಟಿಗೆಯ ಶಾಲಾ ಕಟ್ಟಡಗಳು ಸಾಲುಸಾಲಾಗಿ ಬಿದ್ದವು. ಮಕ್ಕಳು ಮನೆಗೆ ಹೋಗಿಯಾಗಿತ್ತು. ಕೆಲವು ಗಂಟೆ ಮೊದಲು ಆಗಿದ್ದರೆ ಏನು ಗತಿ ಅನ್ನುವ ಭಯ ಇಡೀ ರಾಜ್ಯವನ್ನು ಹಿಡಿಯಿತು. ಒಂದೇ ತಿಂಗಳಲ್ಲಿ ಫೀಲ್ಡ್ ಆಕ್ಟ್ ಬಂತು. ನಾನು ದುಡಿಯುವುದು ಈ ಕಾನೂನಿನ ನೆರಳಿನಲ್ಲೇ. ಸರ್ಕಾರಿ ಶಾಲೆಯ ನಕ್ಷೆಯನ್ನು ರಾಜ್ಯದ ಕಚೇರಿ ಒಪ್ಪಬೇಕು. ಸೈಟಿನಲ್ಲಿ ರಾಜ್ಯದಿಂದ ಪ್ರಮಾಣಪತ್ರ ಪಡೆದ ಇನ್‌ಸ್ಪೆಕ್ಟರ್ ಇರಬೇಕು. ಅವರಿಗೆ ಸಂಬಳ ಕೊಡುವುದು ಶಾಲೆಯವರು, ಕಂಟ್ರಾಕ್ಟರ್ ಅಲ್ಲ. ಕಂಬಿ ಕಟ್ಟಿದ್ದನ್ನು ಅವರು ನೋಡಿ ಸೈ ಅನ್ನದೆ ಕಾಂಕ್ರೀಟು ಹಾಕುವಂತಿಲ್ಲ. ನಕ್ಷೆಯ ಪ್ರಕಾರವೇ ಕಟ್ಟಿದ್ದೇವೆ ಅಂತ ಆರ್ಕಿಟೆಕ್ಟ್, ಇಂಜಿನಿಯರ್, ಇನ್‌ಸ್ಪೆಕ್ಟರ್, ಕಂಟ್ರಾಕ್ಟರ್ ಒಬ್ಬೊಬ್ಬರೂ ಬರೆದು ಸಹಿ ಹಾಕಬೇಕು. ಸುಳ್ಳು ಬರೆದರೆ ಪ್ರಮಾಣ ಮಾಡಿ ಸುಳ್ಳು ಹೇಳಿದ ಅಪರಾಧವೇ ಆಗುತ್ತದೆ.

ಇನ್ನು ಮ್ಯಾನೇಜರುಗಳ ವಿಷಯ, ಅಂದರೆ ನಮ್ಮಂಥವರ ವಿಷಯ. ಖಾಸಗಿ ಕಟ್ಟಡದಲ್ಲಿ ಮಾಲೀಕರಿಗೆ ಸಲಹೆ ಕೊಟ್ಟು ಕೆಲಸಗಳನ್ನು ಹೊಂದಿಸುವ ಕನ್‌ಸ್ಟ್ರಕ್ಷನ್ ಮ್ಯಾನೇಜರ್‌ಗೆ ಕಂಟ್ರಾಕ್ಟರ್ ಲೈಸೆನ್ಸ್ ಬೇಡ ಅಂತ 2009ರಲ್ಲಿ ಇಲ್ಲಿನ ಮೇಲ್ಮನವಿ ಕೋರ್ಟು ತೀರ್ಪು ಕೊಟ್ಟಿದೆ. ಸರ್ಕಾರಿ ಕಾಮಗಾರಿಯಲ್ಲಿ ಹಾಗಲ್ಲ. ಲೈಸೆನ್ಸ್ ಇರುವ ಆರ್ಕಿಟೆಕ್ಟ್, ನೋಂದಾಯಿತ ಇಂಜಿನಿಯರ್, ಇಲ್ಲವೇ ಲೈಸೆನ್ಸ್ ಇರುವ ಜನರಲ್ ಕಂಟ್ರಾಕ್ಟರ್, ಈ ಮೂವರಲ್ಲಿ ಒಬ್ಬರಾಗಿರಬೇಕು. ಸಂಸ್ಥೆಗೆ ಮಾತ್ರ ಅನುಭವ ಇದ್ದರೆ ಸಾಲದು. ಸೈಟಿನಲ್ಲಿ ನಿಲ್ಲುವವರಿಗೂ ನಕ್ಷೆ ಪರಿಶೀಲನೆ, ಟೆಂಡರ್ ಹೋಲಿಕೆ, ವೇಳಾಪಟ್ಟಿ, ತಕರಾರು ಬಗೆಹರಿಸುವುದು ಇವೆಲ್ಲ ಗೊತ್ತಿದೆ ಅಂತ ಆಧಾರ ತೋರಿಸಬೇಕು. ನಮ್ಮ ಸೇವೆಗೆ ಕಡಿಮೆ ದರದ ಸ್ಪರ್ಧೆಯೂ ಇಲ್ಲ. ಮೊದಲು ಯೋಗ್ಯತೆ ನೋಡಿ ಆರಿಸುತ್ತಾರೆ, ಆಮೇಲೆ ಫೀಸಿನ ಮಾತು. ಉಸ್ತುವಾರಿ ಮಾಡುವವರನ್ನು ಅಗ್ಗಕ್ಕೆ ಹುಡುಕಿದರೆ ಕಟ್ಟಡಕ್ಕೆ ಜಾಸ್ತಿ ಖರ್ಚಾಗುತ್ತದೆ ಅನ್ನುವುದನ್ನು ಸೈಟಿನಲ್ಲಿ ನಿಂತು ನೋಡಿದ ಯಾರಾದರೂ ಒಪ್ಪುತ್ತಾರೆ.

ಕಂಟ್ರಾಕ್ಟರ್‌ಗೆ ಲೈಸೆನ್ಸ್ ಸಿಕ್ಕಿದ ಮೇಲೂ ಸರ್ಕಾರಿ ಕೆಲಸಕ್ಕೆ ಇನ್ನೊಂದು ಬಾಗಿಲು ದಾಟಬೇಕು. ರಾಜ್ಯದ ಕಾರ್ಮಿಕ ಇಲಾಖೆಯಲ್ಲಿ ಬೇರೆ ನೋಂದಣಿ. 2014ರ ಕಾನೂನಿನಿಂದ ಬಂದದ್ದು, ತೀರಾ ಸಣ್ಣ ಕೆಲಸಗಳಿಗಷ್ಟೇ ವಿನಾಯಿತಿ. ಇದರ ಹಿಂದಿರುವುದು ಕೂಲಿಯ ಪ್ರಶ್ನೆ. ಸರ್ಕಾರಿ ಕಾಮಗಾರಿಯಲ್ಲಿ ಯಾವ ಜಿಲ್ಲೆಯಲ್ಲಿ, ಯಾವ ಕಸುಬಿಗೆ, ಗಂಟೆಗೆ ಎಷ್ಟು ಕೊಡಬೇಕು ಅಂತ ರಾಜ್ಯವೇ ಗೊತ್ತು ಮಾಡುತ್ತದೆ. ಕಂಟ್ರಾಕ್ಟರ್ ಒಬ್ಬೊಬ್ಬ ಕೆಲಸಗಾರನ ಹೆಸರು, ಗಂಟೆ, ಕೂಲಿ ಬರೆದು, ಇದು ನಿಜ ಅಂತ ಸಹಿ ಹಾಕಿದ ಪಟ್ಟಿ ಕೊಡಬೇಕು. ಕಡಿಮೆ ಕೊಟ್ಟದ್ದು ಸಿಕ್ಕಿಬಿದ್ದರೆ ಒಬ್ಬ ಕೆಲಸಗಾರನಿಗೆ ದಿನಕ್ಕೆ 200 ಡಾಲರ್‌ವರೆಗೆ ದಂಡ, ಬಾಕಿ ಕೂಲಿ ಬೇರೆ. ಬೇಕೆಂದೇ ಮೋಸ ಮಾಡಿದವರನ್ನು 3 ವರ್ಷದವರೆಗೆ ಸರ್ಕಾರಿ ಕೆಲಸದಿಂದ ದೂರ ಇಡಬಹುದು. ಕೂಲಿಯವರ ಹೊಟ್ಟೆ ಮೇಲೆ ಹೊಡೆದು ದರ ಕಡಿಮೆ ಹಾಕುವ ದಾರಿ ಇಲ್ಲಿ ಬಹಳ ಮಟ್ಟಿಗೆ ಮುಚ್ಚಿದೆ. ನನಗೆ ಈ ದೇಶದ ಬಗ್ಗೆ ಗೌರವ ಹುಟ್ಟಿಸಿದ ಸಂಗತಿಗಳಲ್ಲಿ ಇದೂ ಒಂದು.

ಸಬ್ ಕಂಟ್ರಾಕ್ಟ್ ಕೂಡ ಮನಸ್ಸಿಗೆ ಬಂದ ಹಾಗೆ ಕೊಡುವಂತಿಲ್ಲ. ಒಟ್ಟು ಮೊತ್ತದ ಅರ್ಧ ಶೇಕಡಾ ಮೀರುವ ಕೆಲಸ ಮಾಡುವ ಪ್ರತಿ ಸಬ್ ಕಂಟ್ರಾಕ್ಟರ್‌ನ ಹೆಸರು, ಲೈಸೆನ್ಸ್ ನಂಬರ್ ಸಮೇತ ಟೆಂಡರ್ ಜೊತೆಗೇ ಬರೆದು ಕೊಡಬೇಕು. ಕೆಲಸ ಸಿಕ್ಕ ಮೇಲೆ ಅವರನ್ನು ಜಗ್ಗಾಡಿ ದರ ಇಳಿಸಿ, ಬಗ್ಗದಿದ್ದರೆ ಬೇರೆಯವರನ್ನು ತರುವ ಆಟ ನಡೆಯಬಾರದು ಅಂತ ಈ ನಿಯಮ. ಬದಲಿಸಲು ಕಾನೂನು ಹೇಳಿದ ಕಾರಣ ಇರಬೇಕು, ಸರ್ಕಾರದ ಒಪ್ಪಿಗೆ ಇರಬೇಕು.

ಬಾಂಡ್, ಅಂದರೆ ಕಂಟ್ರಾಕ್ಟರ್ ಪರವಾಗಿ ಇನ್ನೊಂದು ಕಂಪನಿ ಬರೆದುಕೊಡುವ ಜಾಮೀನು, ಅದರ ಬಗ್ಗೆ ಒಂದು ಮಾತು. ಲೈಸೆನ್ಸಿಗೆ 25,000 ಡಾಲರ್ ಬಾಂಡ್ ಇರಬೇಕು. ದೊಡ್ಡ ಸರ್ಕಾರಿ ಕೆಲಸಕ್ಕೆ ಬೇರೆ ಬಾಂಡ್‌ಗಳೂ ಬೇಕು, ಕೆಲಸ ಮುಗಿಸುವುದಕ್ಕೆ ಒಂದು, ಕೂಲಿ ಮತ್ತು ಸಾಮಾನಿನ ಬಾಕಿ ತೀರಿಸುವುದಕ್ಕೆ ಒಂದು. ಕಂಟ್ರಾಕ್ಟರ್ ಅರ್ಧಕ್ಕೆ ಬಿಟ್ಟು ಹೋದರೆ ಬಾಂಡ್ ಕೊಟ್ಟ ಕಂಪನಿ ಮುಂದೆ ಬಂದು ಕೆಲಸ ಮುಗಿಸಿಕೊಡಬೇಕು, ಇಲ್ಲವೇ ನಷ್ಟ ತುಂಬಬೇಕು. ಹಾಗಾಗಿ ಆ ಕಂಪನಿ ಕಂಟ್ರಾಕ್ಟರ್‌ನ ಲೆಕ್ಕಪತ್ರ, ಹಿಂದಿನ ಕೆಲಸ, ಕೈಯಲ್ಲಿರುವ ಕೆಲಸ ಎಲ್ಲ ಜಾಲಾಡುತ್ತದೆ. ಶಕ್ತಿ ಮೀರಿ ಟೆಂಡರ್ ಹಾಕುವವರು ಇಲ್ಲೇ ನಿಲ್ಲುತ್ತಾರೆ. ಮೊತ್ತದ ಮಿತಿ ಲೈಸೆನ್ಸಿನಲ್ಲಿ ಇಲ್ಲ ಅಂದೆನಲ್ವಾ, ಆ ಕೆಲಸವನ್ನು ಬಾಂಡ್ ಮಾಡುತ್ತದೆ.

ಇಲ್ಲಿಗೆ ಬರುವ ಯೋಚನೆ ಇರುವ ತಮ್ಮಂದಿರು, ತಂಗಿಯರು ಈಗಲೇ ಮಾಡಬೇಕಾದ್ದು ಅನುಭವದ ಕಾಗದ ಕೂಡಿಡುವುದು. ಇಂಜಿನಿಯರ್ ಲೈಸೆನ್ಸಿಗೂ ಕಂಟ್ರಾಕ್ಟರ್ ಲೈಸೆನ್ಸಿಗೂ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರ ಸಾಕ್ಷಿ ಬೇಕು. "ಸದರಿಯವರು ನಮ್ಮಲ್ಲಿ ಕೆಲಸ ಮಾಡಿದ್ದಾರೆ" ಅನ್ನುವ ಒಂದು ಸಾಲಿನ ಪತ್ರದಿಂದ ಪ್ರಯೋಜನ ಇಲ್ಲ. ಯಾವ ಕಾಮಗಾರಿ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಕೈಯಾರೆ ಏನು ಮಾಡಿದಿರಿ, ಎಷ್ಟು ಜನರ ಉಸ್ತುವಾರಿ ನಿಮ್ಮದಾಗಿತ್ತು, ಇವೆಲ್ಲ ಅದರಲ್ಲಿರಲಿ. ಕೆಲಸ ಬಿಡುವ ಮೊದಲೇ ಬರೆಸಿಕೊಳ್ಳಿ. ಸಿವಿಲ್ ಇಂಜಿನಿಯರ್ ಲೈಸೆನ್ಸಿಗೆ ಇಲ್ಲಿ ಮಾಮೂಲಿ ಪರೀಕ್ಷೆಗಳ ಜೊತೆಗೆ ಭೂಕಂಪ ಮತ್ತು ಸರ್ವೇ ಬಗ್ಗೆ ರಾಜ್ಯದ್ದೇ ಬೇರೆ ಪರೀಕ್ಷೆಗಳಿವೆ. ಕಾಲೇಜಿನ ಸರ್ವೇ ಪುಸ್ತಕ ಇದ್ದರೆ ಹಳೇ ಪೇಪರಿಗೆ ಹಾಕಬೇಡಿ, ಜೊತೆಗೆ ತನ್ನಿ.