ವಾಸ್‌ಡೇಲ್ ಹೆಡ್ ಮಾಡೆಲ್: ಚರ್ಚ್ ಮುಗೀತು, ಗೋಡೆ ಮುಗೀತಿಲ್ಲ

ಮೂರು ವಾರದಿಂದ ಅಪ್‌ಡೇಟ್ ಹಾಕಿರ್ಲಿಲ್ಲ, ಹಂಗಂತ ಕೆಲಸ ಏನೂ ನಿಂತಿಲ್ಲ, ದಿನಾ ರಾತ್ರಿ ಊಟ ಆದ್ಮೇಲೆ ಚಿಮಟ ಹಿಡ್ಕೊಂಡು ಜಲ್ಲಿ ಚೂರು ಅಂಟಿಸ್ತಾ ಕೂತಿದೀನಿ. ಹೊಸದಾಗಿ ಓದ್ತಿರೋರಿಗೆ: ನಾನು ವಾಸ್‌ಡೇಲ್ ಹೆಡ್ ಅನ್ನೋ ಊರಿನ ಪುಟ್ಟ ಮಾಡೆಲ್ ಮಾಡ್ತಿದೀನಿ. ವಾಸ್‌ಡೇಲ್ ಹೆಡ್ ಅಂದ್ರೆ ಇಂಗ್ಲೆಂಡಿನ ಕಂಬ್ರಿಯಾದಲ್ಲಿ, ಲೇಕ್ ಡಿಸ್ಟ್ರಿಕ್ಟ್ ಅನ್ನೋ ಬೆಟ್ಟ-ಕೆರೆಗಳ ಸೀಮೆಯ ಪಶ್ಚಿಮದ ಕಡೆ ಇರೋ ಒಂದು ಕುಗ್ರಾಮ. ಬೆರಳೆಣಿಕೆ ಮನೆ, ಕುರಿ ಸಾಕೋರ ಹೊಲ, ಒಂದು ಇನ್ (ಉಳ್ಕೊಳ್ಳೋಕೆ ಹಳ್ಳಿ ಹೋಟೆಲ್ಲು), ಒಂದು ಚರ್ಚ್, ರಸ್ತೆ ಅಲ್ಲಿಗೇ ಖಲಾಸ್, ಮುಂದೆ ಹೋಗ್ಬೇಕಂದ್ರೆ ಬೆಟ್ಟ ಹತ್ತಬೇಕು.

1:76 ಸ್ಕೇಲು, ಅಂದ್ರೆ ಎಲ್ಲಾನೂ ನಿಜವಾದ್ದರ 76ನೇ ಒಂದು ಭಾಗ, ಅಂತ ಜಂಬದಲ್ಲಿ ಶುರು ಮಾಡ್ದೆ, ಆಮೇಲೆ ಲೆಕ್ಕ ಹಾಕಿದ್ರೆ ತಲೆ ತಿರುಗ್ತು. ಪಕ್ಕದ ಸ್ಕಾಫೆಲ್ ಪೈಕ್ ಇಂಗ್ಲೆಂಡಿಗೇ ಎತ್ತರದ ಬೆಟ್ಟ, 978 ಮೀಟರ್, ನನ್ನ ಸ್ಕೇಲಲ್ಲಿ ಹತ್ತತ್ರ 13 ಮೀಟರ್ ಆಗುತ್ತೆ, ಮನೆ ಛಾವಣಿ ತೆಗೆಸಬೇಕು. ಕೆಳಗಿನ ವಾಸ್ಟ್‌ವಾಟರ್ ಕೆರೆ ಇಂಗ್ಲೆಂಡಿಗೇ ಆಳ, 79 ಮೀಟರ್, ಅದಕ್ಕೆ ಟೇಬಲ್ ಕೊರೆದು ಒಂದು ಮೀಟರ್ ಕೆಳಗಿಳೀಬೇಕು. ಹಂಗಾಗಿ ಬೆಟ್ಟ ಕೆರೆ ಎರಡೂ ಕ್ಯಾನ್ಸಲ್, ಹಿಂದುಗಡೆ ಗ್ರೇಟ್ ಗೇಬಲ್ ಅನ್ನೋ ಅಲ್ಲಿನ ಇನ್ನೊಂದು ಬೆಟ್ಟದ್ದು ಒಂದು ಪ್ರಿಂಟ್ ಅಂಟಿಸಿ ಸುಮ್ನಾದೆ.

ಸೇಂಟ್ ಓಲಾಫ್ ಚರ್ಚ್ ಮಾತ್ರ ಚೆನ್ನಾಗಿ ಬಂದಿದೆ. ಇಂಗ್ಲೆಂಡಿನ ಅತಿ ಚಿಕ್ಕ ಚರ್ಚುಗಳಲ್ಲಿ ಒಂದು, ಸ್ಲೇಟ್ ಸೂರು, ಸುತ್ತ ಯೂ ಮರಗಳು, ಒಳಗಿನ ತೊಲೆಗಳು ವೈಕಿಂಗ್ ಹಡಗಿನವು ಅಂತ ಊರೋರು ಹೇಳ್ತಾರೆ (ನಾನು ಬೆಂಕಿಕಡ್ಡಿ ಬಳಸಿದೀನಿ). ನನ್ನ ಪ್ರಾಣ ತಿಂದಿದ್ದು ಒಂದು ಪುಟ್ಟ ಕಿಟಕಿ ಗಾಜು. ಗ್ರೇಟ್ ಗೇಬಲ್ ಮೈಮೇಲಿರೋ ನೇಪ್ಸ್ ನೀಡಲ್ ಅನ್ನೋ ಸೂಜಿ ಥರದ ಬಂಡೆ ಚಿತ್ರ ಅದರಲ್ಲಿ ಕೊರೆದಿದೆ. 1886ರಲ್ಲಿ ಹ್ಯಾಸ್ಕೆಟ್ ಸ್ಮಿತ್ ಅನ್ನೋರು ಒಬ್ರೇ, ಹಗ್ಗ ಇಲ್ದೆ, ಆ ಬಂಡೆ ಮೊದಲ ಸಲ ಹತ್ತಿದ್ರು, 50 ವರ್ಷ ಆದ್ಮೇಲೆ 1936ರಲ್ಲಿ ಇನ್ನೊಂದು ಸಲ ಹತ್ತಿದ್ರು, ಆಗ ವಯಸ್ಸು 76, ನನ್ನ ಸ್ಕೇಲ್ ನಂಬರೇ! ಪ್ಲಾಸ್ಟಿಕ್ ಶೀಟ್ ಮೇಲೆ ಗುಂಡುಸೂಜೀಲಿ ಗೀಚಿದೆ, ನಾಲ್ಕನೇ ಸಲಕ್ಕೂ ಕ್ಯಾರೆಟ್ ಥರಾನೇ ಬಂತು, ಅದನ್ನೇ ಹಾಕಿದೀನಿ, ಯಾರೂ ಭೂತಗನ್ನಡಿ ತರಬೇಡಿ.

ಈಗ ಗೋಡೆ ವಿಷಯ. ಹೊಲಗಳ ನಡುವೆ ಬಲೆ ಹಾಸಿದಂಗೆ ಕಲ್ಲಿನ ಗೋಡೆಗಳಿವೆ, ಗಾರೆ ಇಲ್ಲ, ಸಿಮೆಂಟ್ ಇಲ್ಲ, ಕಲ್ಲಿನ ಮೇಲೆ ಕಲ್ಲು ಅಷ್ಟೇ. ಮೊದಲು ನಾನು ರಟ್ಟು ಕತ್ತರಿಸಿ ಎಲ್ಲಾನೂ ಒಂದೇ ದಪ್ಪ ಮಾಡಿದ್ದೆ, ನೋಡಿದ್ರೆ ಲೇಔಟ್ ಸೈಟಿನ ಕಾಂಪೌಂಡ್ ಥರ ಕಾಣ್ತಿತ್ತು, ಎಲ್ಲಾ ಕಿತ್ತು ಬಿಸಾಕಿದೆ. ಅಲ್ಲಿಗೆ ಹೋದಾಗ ತೆಗೆದ ಫೋಟೋ ಮತ್ತೆ ನೋಡ್ದೆ, ಕೆಲವು ಕಡೆ ಗೋಡೆ ಮೇಲೆ ಆರಾಮಾಗಿ ಮಲಗಬಹುದು, ಅಷ್ಟು ಅಗಲ. ಯಾಕಂದ್ರೆ ಅದು ಬರೀ ಬೇಲಿ ಅಲ್ಲ, ಹೊಲದಿಂದ ಆರಿಸಿದ ಕಲ್ಲನ್ನ ಬೇರೆಲ್ಲಿಗೆ ಸಾಗಿಸ್ತಾರೆ, ಗೋಡೆಗೇ ತುಂಬ್ತಾ ಹೋಗಿದಾರೆ, ಅದೂ ಸಾಲ್ದೆ ಅಲ್ಲಲ್ಲಿ ಗುಡ್ಡೆ ಬೇರೆ ಹಾಕಿದಾರೆ. ಹಂಗಾಗಿ ನಾನೂ ಆಚೆ ಈಚೆ ಎರಡು ಸಾಲು, ಮಧ್ಯ ಪುಡಿಗಲ್ಲು, ಅಲ್ಲಲ್ಲಿ ಎರಡೂ ಸಾಲು ಹಿಡಿಯೋ ಹಂಗೆ ಅಡ್ಡ ಒಂದು ಉದ್ದಗಲ್ಲು, ಮೇಲೆ ಓರೆಯಾಗಿ ನಿಲ್ಲಿಸಿದ ಕಲ್ಲು. ಒಂದು ಸಂಜೆಗೆ ಒಂದು ಗೇಣೂ ಆಗಲ್ಲ. ಗಮ್ ಒಣಗಿದ್ಮೇಲೆ ಮಿರಮಿರ ಮಿಂಚಿ ಈಗಷ್ಟೇ ಮಳೆ ಬಂದಂಗಿತ್ತು, ಸೀಮೆಸುಣ್ಣದ ಪುಡಿ ಉಜ್ಜಿ ಸರಿ ಮಾಡ್ದೆ. ಆ ಊರಿಗೆ ಮಳೆ ಏನು ಕಮ್ಮಿನಾ, ಹಂಗೇ ಬಿಟ್ಟಿದ್ರೂ ನಡೀತಿತ್ತು ಅಂತ ಆಮೇಲೆ ಅನ್ನಿಸ್ತು.

ಇನ್ನು ಇನ್ ಹಿಂದಿನ ಕಲ್ಲಿನ ಕಮಾನು ಸೇತುವೆ ಬಾಕಿ. ಹಿಂದೆ ಆ ಇನ್ ನಡೆಸ್ತಿದ್ದ ವಿಲ್ ರಿಟ್ಸನ್ ಭಾರಿ ಸುಳ್ಳುಗಾರ ಅಂತ ಫೇಮಸ್ಸು, ನಮ್ಮೂರ ಟರ್ನಿಪ್ ಗೆಡ್ಡೆ ಎಷ್ಟು ದೊಡ್ಡದಂದ್ರೆ ಒಳಗೆ ಕೊರೆದು ಕುರಿ ದೊಡ್ಡಿ ಮಾಡ್ತೀವಿ ಅಂತಿದ್ನಂತೆ. ನಿನ್ನೆ ಒಂದು ಥರ್ಮಾಕೋಲ್ ಉಂಡೆ ಕೊರೆದು ಇನ್ ಪಕ್ಕ ಇಟ್ಟಿದೀನಿ. ಎರಡು ಕುರಿ ಆರಾಮಾಗಿ ಹಿಡಿಸಿದ್ವು.